ಬಸುರಿಗೆ ಹೇಳಬಾರದ ಸುದ್ದಿ

ನನ್ನ ಗಂಡ ಒಂದು ಸಂಜೆ ಚಾಪೆ, ದಿಂಬು ಎತ್ತಿಕೊಂಡು ಮನೆಯ ಮುಂಭಾಗದ ಚಾವಡಿಗೆ ಹೋದರು. ಕೋಣೆಯಲ್ಲಿ ಸೆಖೆ, ಇನ್ನು ಮೇಲೆ ಅಲ್ಲೇ ಮಲಗುತ್ತೇನೆ ಅಂದರು. ಮೇ ತಿಂಗಳ ಮಂಗಳೂರಿನಲ್ಲಿ ಸೆಖೆ ಎಂದರೆ ಯಾರೂ ಪುರಾವೆ ಕೇಳುವುದಿಲ್ಲ. ಆದರೆ ಕೋಣೆಯ ಫ್ಯಾನು ಸರಿಯಾಗಿ ತಿರುಗುತ್ತಿತ್ತು. ಕೆಟ್ಟು ನಿಂತದ್ದು ಚಾವಡಿಯದ್ದು. ಲಾಕ್‌ಡೌನ್ ಮುಗಿಯದೆ ರಿಪೇರಿಯವನು ಬರುವಂತಿರಲಿಲ್ಲ. ಸೆಖೆ ತಡೆಯದವರು ಫ್ಯಾನಿಲ್ಲದ ಕಡೆ ಹೋಗಿ ಮಲಗುವುದು ಯಾವ ನ್ಯಾಯ ಎಂದು ನಾನು ಕೇಳಲಿಲ್ಲ. ಕೇಳದೆ ಮನಸ್ಸಿನಲ್ಲಿಟ್ಟುಕೊಂಡೆ.

ನಾನಾಗ ಆರು ತಿಂಗಳ ಬಸುರಿ. ಕೊರೋನಾದ ಎರಡನೆಯ ಅಲೆ ಇಡೀ ಊರನ್ನು ಮನೆಯೊಳಗೆ ಕೂರಿಸಿತ್ತು. ನಮ್ಮ ಮನೆ ಇದ್ದದ್ದು ಪಡೀಲಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನಾವು ಮೂವರೇ: ನಾನು, ಗಂಡ, ಅವರ ತಾಯಿ. ನಮ್ಮ ತುಳು ಮನೆಗಳಲ್ಲಿ ಅತ್ತೆಯನ್ನು ಕರೆಯುವುದು ಮಾಮಿ ಎಂದು. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು. ಬೇಸಿಗೆ ರಜೆ ಬಂದು ಆನ್‌ಲೈನ್ ಪಾಠವೂ ನಿಂತು, ಇಡೀ ದಿನ ಸಂಶಯಪಡುವುದಕ್ಕೆ ಬೇಕಾದಷ್ಟು ಸಮಯವಿತ್ತು. ಗಂಡನಿಗೆ ನಂತೂರಿನ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಕೆಲಸ. ಅಂಗಡಿಗಳೆಲ್ಲ ಮುಚ್ಚಿದರೂ ಸಾಮಾನು ಸಾಗಿಸುವ ಲಾರಿಗಳಿಗೆ ತಡೆ ಇರಲಿಲ್ಲ, ಹಾಗಾಗಿ ಆ ಆಫೀಸೂ ತೆರೆದಿತ್ತು. ಮುಂಬಯಿಯ ಲಾರಿ, ಕೊಚ್ಚಿಯ ಲಾರಿ, ಎಲ್ಲೆಲ್ಲಿಯದೋ ಗಾಳಿ ಕುಡಿದು ಬಂದ ಡ್ರೈವರುಗಳು ಅವರ ಮೇಜಿನ ಮುಂದೆ ನಿಂತು ರಸೀದಿ ಪಡೆಯುತ್ತಿದ್ದರು. ಆ ಮೇಜನ್ನು ನಾನು ಕಂಡವಳಲ್ಲ. ಆದರೂ ಅದರ ಮೇಲೆ ಏನೇನು ಕೂತಿರಬಹುದೆಂದು ದಿನವಿಡೀ ಊಹಿಸುತ್ತಿದ್ದೆ.

ಭಯ ನಾನಾಗಿ ಹುಟ್ಟಿಸಿಕೊಂಡದ್ದಲ್ಲ. ಡಾಕ್ಟರಮ್ಮ ನೇರ ಮಾತಿನವರು. ಹಿಂದಿನ ತಪಾಸಣೆಯಲ್ಲಿ ಎರಡು ಮಾಸ್ಕಿನ ಹಿಂದಿನಿಂದ ನಿಧಾನವಾಗಿ ಹೇಳಿದ್ದರು.

"ಹೆದರಿಸ್ಲಿಕ್ಕೆ ಹೇಳುದಲ್ಲ. ಬಸುರಿಗೆ ಇದು ಬೇಗ ಬರ್ತದೆ ಅಂತ ಅಲ್ಲ, ಬಂದ್ರೆ ಜೋರಾಗುವ ಸಾಧ್ಯತೆ ಜಾಸ್ತಿ. ತಿಂಗಳು ತುಂಬ್ತಾ ಬಂದ ಹಾಗೆ ನಿಮ್ಮ ಉಸಿರಿಗೆ ಜಾಗ ಕಮ್ಮಿ ಆಗ್ತದೆ. ಹೆರಿಗೆ ಅವಧಿಗೆ ಮೊದಲೇ ಆಗುವ ಅಪಾಯವೂ ಉಂಟು. ಅದಕ್ಕೆ, ಬಾರದ ಹಾಗೆ ನೋಡಿಕೊಳ್ಳಿ. ಹೊರಗೆ ಹೋಗುವವರು ಮನೆಯಲ್ಲಿ ಇದ್ರೆ ಅವರಿಂದ ದೂರ ಇರಿ. ಕಿಟಕಿ ತೆಗೆದಿಡಿ. ಜ್ವರ ಬಂದ್ರೆ ಅದೇ ದಿನ ಫೋನ್ ಮಾಡಿ, ನಾಳೆ ನೋಡುವ ಅಂತ ಕೂತ್ಕೊಳ್ಬೇಡಿ."

ಮಾಮಿ ದಿನಕ್ಕೆ ಮೂರು ಹೊತ್ತು ಕುಡಿಸುತ್ತಿದ್ದ ಕಾಳುಮೆಣಸಿನ ಕಷಾಯದ ವಿಷಯ ಕೇಳಿದೆ. ಅದರಿಂದ ಕೊರೋನಾ ತಡೆಯುವುದಿಲ್ಲ, ಹೊಟ್ಟೆ ಉರಿ ಮಾತ್ರ ಬರುತ್ತದೆ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ ಅಂದರು. ಆ ಉತ್ತರವನ್ನು ಮಾಮಿಗೆ ತಲುಪಿಸುವ ಧೈರ್ಯ ನನಗಿರಲಿಲ್ಲ. ಕಷಾಯ ಹಿತ್ತಲಿನ ಬಸಳೆಯ ಬುಡಕ್ಕೆ ಹೋಗುತ್ತಿತ್ತು. ಮಾಮಿಗೆ ಅದು ಗೊತ್ತಿತ್ತೆಂದು ಆಮೇಲೆ ತಿಳಿಯಿತು.

ಗಂಡ ಆಫೀಸಿನಿಂದ ಬಂದರೆ ಹೊರಗಿನ ಬಚ್ಚಲಲ್ಲೇ ಸ್ನಾನ, ಬಟ್ಟೆ ಸೋಪಿನ ನೀರಿಗೆ, ಫೋನು ಒರೆಸಿದ ಮೇಲೆಯೇ ಒಳಕ್ಕೆ. ಇದೆಲ್ಲ ನಾನು ಮಾಡಿದ ನಿಯಮ. ಹಾಲಿನ ಪ್ಯಾಕೆಟ್ಟನ್ನು ಸೋಪಿನಲ್ಲಿ ತೊಳೆಯುತ್ತಿದ್ದೆ. ಪಕ್ಕದ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಅದು ಒಣ ಕೆಮ್ಮೋ ಕಫದ್ದೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಮೀನಿನವಳು ಗೇಟಿನ ಹೊರಗೆ ಬುಟ್ಟಿ ಇಳಿಸಿ ಮಾಸ್ಕನ್ನು ಗಲ್ಲಕ್ಕೆ ಜಾರಿಸಿ ಮಾತಾಡುವವಳು. ಅವಳು ಬಂದ ದಿನ ನಾನು ಬಂಗುಡೆ ಸಾರು ಮುಟ್ಟಲಿಲ್ಲ. ಮಾಮಿ ಅವಳಿಗೆ ಬರಬೇಡ ಎಂದಿರಬೇಕು. ಮೀನಿನವಳು ಆಮೇಲೆ ಬರಲಿಲ್ಲ.

ಹೀಗಿರುವಾಗ ಗಂಡ ಚಾವಡಿಗೆ ಹಾಸಿಗೆ ಬದಲಿಸಿದ್ದು. ಮರುದಿನದಿಂದ ಅವರು ಮನೆಯೊಳಗೂ ಮಾಸ್ಕ್ ಹಾಕತೊಡಗಿದರು. ಊಟದ ತಟ್ಟೆಯನ್ನು ಹಿತ್ತಲ ಕಟ್ಟೆಗೆ ತೆಗೆದುಕೊಂಡು ಹೋಗಿ ಅಲ್ಲೇ ಉಂಡು, ತಾವೇ ತೊಳೆದು ಬೇರೆ ಇಡುತ್ತಿದ್ದರು. ಇಷ್ಟು ದಿನ ನಾನು ಗದರಿಸಿ ಮಾಡಿಸುತ್ತಿದ್ದುದನ್ನು ಹೇಳದೆಯೇ, ಅದಕ್ಕಿಂತ ಹೆಚ್ಚಾಗಿ, ಮಾಡತೊಡಗಿದ್ದರು. ನನಗೆ ಅದೇ ಸರಿ ಕಾಣಲಿಲ್ಲ. ಆಫೀಸಿನಲ್ಲಿ ಯಾರಿಗೋ ಬಂದಿದೆ, ಇವರಿಗೂ ಬಂದಿರಬಹುದು, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಒಂದು ಬೆಳಿಗ್ಗೆ ಕಾಫಿ ಪುಡಿಯ ಡಬ್ಬಿ ತೆರೆದು ದೂರದಿಂದ ಅವರ ಕಡೆ ಚಾಚಿ, ಪುಡಿ ಹಳತಾಗಿದೆಯಾ ನೋಡಿ ಅಂದೆ. ಅವರು ಮಾಸ್ಕ್ ಇಳಿಸಿ ಮೂಸಿದರು.

"ಲಾಯ್ಕ ಉಂಟಲ್ಲ. ಎಂತ ಆಗಿದೆ ಇದಕ್ಕೆ?"

ಕೊರೋನಾ ಬಂದವರಿಗೆ ವಾಸನೆ ತಿಳಿಯುವುದಿಲ್ಲ ಅನ್ನುತ್ತಿದ್ದರು; ಇವರು ಪರೀಕ್ಷೆ ಪಾಸಾದರು. ಆದರೂ ಸಮಾಧಾನವಾಗಲಿಲ್ಲ. ಮೂಸಿ ಗೊತ್ತಾಗದಿದ್ದರೂ ಹಾಗೆಯೇ ಹೇಳಬಹುದಲ್ಲ ಅನ್ನಿಸಿತು.

ಅವರಿಗೆ ಬರುವ ಫೋನುಗಳೂ ಬದಲಾದವು. ಮೊದಲೆಲ್ಲ ನನ್ನೆದುರೇ ಜೋರಾಗಿ ಲಾರಿ ನಂಬರು ಹೇಳಿ ಮಾತಾಡುತ್ತಿದ್ದವರು ಈಗ ಫೋನು ಬಂದ ಕೂಡಲೇ ಅಂಗಳ ದಾಟಿ ಜೀಗುಜ್ಜೆ ಮರದ ಬುಡಕ್ಕೆ ಹೋಗುತ್ತಿದ್ದರು. ಕಿಟಕಿಯಿಂದ ನೋಡಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ವಾಪಸು ಬಂದು ಮಾಮಿಯ ಹತ್ತಿರ ಏನೋ ಹೇಳುವರು. ನಾನು ಅಡುಗೆಮನೆಗೆ ಕಾಲಿಟ್ಟರೆ ಇಬ್ಬರೂ ಸುಮ್ಮನಾಗುವರು. ಮಾಮಿ ತೆಂಗಿನಕಾಯಿ ತುರಿಯುವುದರಲ್ಲಿ ಇದ್ದಕ್ಕಿದ್ದಂತೆ ಮಗ್ನರಾಗುವರು. ಎಂತ ವಿಷಯ ಎಂದರೆ "ಎಂತ ಇಲ್ಲ". ಆ ಮನೆಯಲ್ಲಿ ಆ ವಾರ ಅತಿ ಹೆಚ್ಚು ಕೇಳಿಬಂದ ಮಾತು ಅದೇ.

ಇದೇ ಹೊತ್ತಿಗೆ ನನ್ನ ಅಮ್ಮನ ಫೋನು ಕೆಟ್ಟಿತು. ಅಮ್ಮ ಇದ್ದದ್ದು ಕದ್ರಿಯಲ್ಲಿ, ಮದುವೆಯಾಗದ ನನ್ನ ಅಣ್ಣನ ಜೊತೆ. ಸ್ಕೂಟರಿನಲ್ಲಿ ಹೋದರೆ ಒಂದು ಚಹಾ ಆರುವುದರೊಳಗೆ ತಲುಪುವಷ್ಟು ಹತ್ತಿರ. ಆದರೂ ತಿಂಗಳುಗಟ್ಟಲೆ ನಾವು ಒಬ್ಬರನ್ನೊಬ್ಬರು ಕಂಡಿರಲಿಲ್ಲ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಫೋನ್ ಮಾಡುವರು, ಊಟದ ವಿಚಾರದಿಂದ ತೊಡಗಿ ಮಗು ಒದೆಯುವ ಲೆಕ್ಕದವರೆಗೆ ಎಲ್ಲ ಕೇಳುವರು. ಒಂದು ಸಂಜೆ ಅದು ಬರಲಿಲ್ಲ. ನಾನು ಮಾಡಿದರೆ ಅಣ್ಣ ತೆಗೆದ. ಅಮ್ಮನ ಫೋನು ಬಕೆಟಿನ ನೀರಿಗೆ ಬಿತ್ತು, ಡಿಸ್‌ಪ್ಲೇ ಹೋಗಿದೆ, ಅಂಗಡಿ ತೆರೆದ ಮೇಲೆ ರಿಪೇರಿ ಅಂದ. ಮತ್ತೆ ನಿನ್ನ ಕೈಯಲ್ಲಿ ಇದು ಹೇಗೆ ರಿಂಗಾಗುತ್ತಿದೆ ಎಂದರೆ, ಸಿಮ್ಮನ್ನು ನನ್ನ ಫೋನಿಗೆ ಹಾಕಿದ್ದೇನೆ ಅಂದ. ಅಮ್ಮನಿಗೆ ಕೊಡು ಎಂದರೆ ಸ್ನಾನಕ್ಕೆ ಹೋಗಿದ್ದಾರೆ. ಮರುದಿನ ಮಲಗಿದ್ದಾರೆ. ಅದರ ಮರುದಿನ ಪಕ್ಕದ ಮನೆಯವರ ಜೊತೆ ಬೇಲಿಯ ಹತ್ತಿರ ಮಾತಾಡುತ್ತಿದ್ದಾರೆ. ಅಣ್ಣ ಸ್ವಭಾವತಃ ಮಾತು ಕಮ್ಮಿಯವನು. ಈಗ ತಮಾಷೆ ಮಾಡುತ್ತಿದ್ದ, ನಡುನಡುವೆ ಫೋನನ್ನು ಮ್ಯೂಟ್ ಮಾಡುತ್ತಿದ್ದ. ಮ್ಯೂಟ್ ಮಾಡಿ ಕೆಮ್ಮುತ್ತಿದ್ದಾನೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಸಂಶಯವೆಲ್ಲ ಚಾವಡಿಯಲ್ಲಿ ಮಲಗಿದವರ ಮೇಲೆ ಇತ್ತು.

ಅಮ್ಮನ ದನಿ ಕೇಳದೆ ಊಟ ಮಾಡುವುದಿಲ್ಲ ಎಂದು ಹಟ ಹಿಡಿದ ದಿನ ಅಣ್ಣ ಒಂದು ವಾಯ್ಸ್ ಮೆಸೇಜ್ ಕಳಿಸಿದ. ಅಮ್ಮನದೇ ದನಿ, ನಮ್ಮ ತುಳುವಿನಲ್ಲಿ. ಇವತ್ತು ಬಿಸಿಲು ಲಾಯ್ಕ ಉಂಟು, ಹಲಸಿನ ಹಪ್ಪಳ ಹಾಕಿದ್ದೇನೆ, ಕಾಗೆ ನೋಡಿಕೊಳ್ಳಬೇಕು, ನೀನು ಸರಿಯಾದ ಹೊತ್ತಿಗೆ ಊಟ ಮಾಡು. ಅಷ್ಟೇ. ಕೇಳಿ ಕಣ್ಣು ತುಂಬಿತು. ಮತ್ತೊಮ್ಮೆ ಕೇಳಿದೆ. ಮೂರನೆಯ ಸಲ ಕೇಳುವಾಗ ಹಂಚಿನ ಮೇಲಿನ ಸದ್ದಿಗೆ ದನಿ ಸರಿಯಾಗಿ ಕೇಳದೆ ಫೋನನ್ನು ಕಿವಿಗೆ ಒತ್ತಿಕೊಂಡೆ.

ಹಂಚಿನ ಮೇಲೆ ಮಳೆ. ಕಡಲಿನಲ್ಲಿ ಚಂಡಮಾರುತ ಎದ್ದು ಹಿಂದಿನ ದಿನದಿಂದ ಬಿಡದೆ ಸುರಿಯುತ್ತಿತ್ತು. ಪಡೀಲಿನಲ್ಲಿ ಇಂಥ ಮಳೆ ಇರುವಾಗ ಕದ್ರಿಯಲ್ಲಿ ಹಪ್ಪಳ ಒಣಗುವ ಬಿಸಿಲು ಎಲ್ಲಿಂದ ಬರಬೇಕು? ಮೆಸೇಜಿನ ಮೇಲ್ತುದಿಯಲ್ಲಿ ಫಾರ್ವರ್ಡ್ ಮಾಡಿದ್ದೆಂಬ ಸಣ್ಣ ಬಾಣದ ಗುರುತು ಆಗ ಕಣ್ಣಿಗೆ ಬಿತ್ತು. ಅಮ್ಮ ಯಾವತ್ತೋ ಕೆಲಸದಲ್ಲಿದ್ದ ಅಣ್ಣನಿಗೆ ಕಳಿಸಿದ ಮಾತನ್ನು ಅವನು ನನಗೆ ದಾಟಿಸಿದ್ದ. ಅಮ್ಮ ಇದ್ದಾರೋ ಇಲ್ಲವೋ ಎಂಬ ಪ್ರಶ್ನೆ ಆಗ ಮೊದಲ ಬಾರಿಗೆ ಬಂತು. ಚಾಪೆ, ಮಾಸ್ಕು, ಮರದ ಬುಡದ ಫೋನು ಎಲ್ಲವೂ ಅದರ ಸುತ್ತ ಬಂದು ಕೂತವು.

ಗಂಡ ಆಫೀಸಿನಲ್ಲಿದ್ದರು. ನಾನು ಅಡುಗೆಮನೆಗೆ ಹೋದೆ. ಮಾಮಿ ಒಲೆಯ ಮುಂದೆ ನಿಂತು ನೀರುದೋಸೆ ಎರೆಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, "ಅಮ್ಮ ಬದುಕಿದ್ದಾರಾ?" ಎಂದು ಕೇಳಿದೆ.

ಮಾಮಿ ತಿರುಗಿ ನೋಡಿದರು. ಗ್ಯಾಸ್ ಆರಿಸಿದರು. ಅಲ್ಲಿದ್ದ ಮಣೆಯನ್ನು ನನ್ನ ಕಡೆ ತಳ್ಳಿ ಕೂತುಕೋ ಎಂದರು. ನಾನು ಕೂರಲಿಲ್ಲ.

"ಇದ್ದಾರೆ. ಆಸ್ಪತ್ರೆಯಲ್ಲಿ ಇದ್ದಾರೆ. ಆಕ್ಸಿಜನ್ ಕೊಡ್ತಾ ಇದ್ದಾರೆ. ನಿನ್ನೆಯಿಂದ ಸ್ವಲ್ಪ ಅಡ್ಡಿಲ್ಲವಂತೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಎಂತ ಮಾಡ್ತಿದ್ದೆ? ಓಡಿ ಹೋಗ್ತಿದ್ದೆ. ಬಸುರಿಗೆ ಇಂಥ ಸುದ್ದಿ ಹೇಳ್ಲಿಕ್ಕಿಲ್ಲ ಮಗಾ. ನನ್ನ ಅಪ್ಪ ತೀರಿಕೊಂಡದ್ದು ನನಗೆ ಹೇಳಿದ್ದು ಇವನು ಹುಟ್ಟಿ ನಲವತ್ತು ದಿನ ಕಳೆದ ಮೇಲೆ."

ಅಷ್ಟು ಹೇಳಿ ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಅಪ್ಪನನ್ನು ನೆನೆದು ಅತ್ತರೋ ಒಲೆಯ ಬೆವರೋ ನನಗೆ ತಿಳಿಯಲಿಲ್ಲ. ಉಳಿದ ವಿಷಯವನ್ನು ಅವರೇ ಬಿಡಿಸಿ ಹೇಳಿದರು. ಮೊದಲು ಅಣ್ಣನಿಗೆ ಜ್ವರ ಬಂದಿತ್ತು, ಆಮೇಲೆ ಅಮ್ಮನಿಗೆ. ಅಮ್ಮನಿಗೆ ಉಸಿರು ಎಳೆಯತೊಡಗಿದ ದಿನ ಆಂಬುಲೆನ್ಸ್ ಸಿಗಲಿಲ್ಲ. ಅಣ್ಣನಿಗೆ ಎದ್ದು ನಿಲ್ಲಲಾಗುತ್ತಿರಲಿಲ್ಲ. ನನ್ನ ಗಂಡ ಆಫೀಸಿನವರ ಓಮ್ನಿ ವ್ಯಾನು ಕೇಳಿ ತಂದು, ಅಮ್ಮನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲವೆಂದ ಮೇಲೆ ಇನ್ನೊಂದಕ್ಕೆ ಹೋಗಿ ಸೇರಿಸಿದ್ದರು. ಚಾಪೆ ಹೊರಗೆ ಹೋದದ್ದು ಆ ಸಂಜೆ. ಅಂದಿನಿಂದ ದಿನಾ ಗಂಜಿ, ಬಿಸಿನೀರು, ಮದ್ದು ಆಸ್ಪತ್ರೆಯ ಗೇಟಿಗೆ ಮುಟ್ಟಿಸುತ್ತಿದ್ದವರೂ ಅವರೇ.

ಯಾರಿಗಾದರೂ ಇದನ್ನು ಕೇಳಿದರೆ ಅಂಥ ಗಂಡ ಸಿಕ್ಕಿದ್ದು ಪುಣ್ಯ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಅದರ ಜೊತೆಗೇ ಬಂದ ಸಿಟ್ಟು ಅದಕ್ಕಿಂತ ಸಣ್ಣದಾಗಿರಲಿಲ್ಲ. ಕೊರೋನಾ ಇರುವವರನ್ನು ಎದೆಗೆ ಒರಗಿಸಿ ಎತ್ತಿಕೊಂಡು ಹೋದ ಮನುಷ್ಯ ಅದೇ ಸಂಜೆ ನಾನು ಉಸಿರಾಡುವ ಮನೆಗೆ ಬಂದಿದ್ದರು, ನನಗೆ ಒಂದು ಮಾತು ಹೇಳದೆ. ನನ್ನ ಹೊಟ್ಟೆಯಲ್ಲಿರುವುದರ ಅಪಾಯವನ್ನು ಅವರೂ ಮಾಮಿಯೂ ಅಡುಗೆಮನೆಯಲ್ಲಿ ಕೂತು ತೂಗಿದ್ದರು. ಹೊತ್ತವಳನ್ನು ಮಾತ್ರ ಕರೆದಿರಲಿಲ್ಲ.

ಸಂಜೆ ಅವರು ಬಂದಾಗ ನಾನು ಮಾಸ್ಕ್ ಹಾಕಿ ಅಂಗಳದ ಈ ತುದಿಯಲ್ಲಿ ನಿಂತು ಅದನ್ನೇ ಹೇಳಿದೆ. ಮಳೆ ಹನಿಯುತ್ತಿತ್ತು. ಅವರು ಬಚ್ಚಲಿನ ಮಾಡಿನ ಕೆಳಗೆ, ಒದ್ದೆ ಅಂಗಿಯಲ್ಲಿ, ಎಲ್ಲ ಕೇಳಿದರು. ಹೇಳಿದ್ದರೆ ನೀನು ಸಹಿಸುತ್ತಿರಲಿಲ್ಲ ಎಂದು ತಾಯಿಯ ಹಾಗೆ ಅವರು ವಾದಿಸಲಿಲ್ಲ. "ನಿನ್ನ ಅಮ್ಮನೇ ಬೇಡ ಅಂದದ್ದು. ವ್ಯಾನಿನಲ್ಲಿ ಮಲಗಿಕೊಂಡು ನನ್ನ ಹತ್ತಿರ ಆಣೆ ಹಾಕಿಸಿದ್ರು" ಅಂದರು. ಆ ಮಾತನ್ನೂ ನಾನು ನಂಬಲಿಲ್ಲ. ಆಗ ನಾನು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಅಮ್ಮನ ಮುಖ ತೋರಿಸಿ, ಆಮೇಲೆ ನೋಡುವ ಎಂದೆ.

ಮರುದಿನ ಆಸ್ಪತ್ರೆಯ ನರ್ಸ್ ಒಬ್ಬರು ದಯೆ ತೋರಿಸಿ ತಮ್ಮ ಫೋನಿನಿಂದ ವಿಡಿಯೋ ಕಾಲ್ ಮಾಡಿಸಿದರು. ತಲೆಯಿಂದ ಕಾಲಿನವರೆಗೆ ಬಿಳಿ ಕಿಟ್ ತೊಟ್ಟ ಅವರು ಫೋನನ್ನು ಅಮ್ಮನ ಕಡೆ ತಿರುಗಿಸಿದರು. ಆಕ್ಸಿಜನ್ ಮಾಸ್ಕಿನಿಂದ ಅಮ್ಮನ ಮುಖ ಅರ್ಧ ಮುಚ್ಚಿತ್ತು, ಕೂದಲು ಬಾಚದೆ ಜಡೆಯೆಲ್ಲ ಗಂಟು. ನನ್ನನ್ನು ಕಂಡು ಕಣ್ಣು ಅಗಲಿಸಿದರು. ಮತ್ತೆ ಆ ಮಾಸ್ಕನ್ನು ಒಂದು ಗಳಿಗೆ ಎತ್ತಿ, ಉಸಿರಿಗೊಂದು ಪದದಂತೆ ಹೇಳಿದರು.

"ನಿನಗೆ... ಯಾರು... ಹೇಳಿದ್ದು?"

ನರ್ಸ್ ಕೂಡಲೇ ಅದನ್ನು ಸರಿಪಡಿಸಿದರು. ಅಮ್ಮ ಕೈ ಎತ್ತಿ ಬರಬೇಡ ಎಂಬಂತೆ ಆಡಿಸಿದರು. ಹಾಗಾದರೆ ಆಣೆ ಹಾಕಿಸಿದ್ದು ನಿಜವೇ.

ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು ನನಗೆ ಜ್ವರ, ಕೆಮ್ಮು, ಏದುಸಿರು ಉಂಟಾ ಎಂದು. ಆಮೇಲೆ ಮಗು ಆಡುತ್ತಿದೆಯಾ ಎಂದು. ಗಂಡ ಬೇರೆ ಮನೆಯಲ್ಲಿ ಇರುವುದು ಒಳ್ಳೆಯದು, ಮೂವರೂ ಟೆಸ್ಟ್ ಮಾಡಿಸಿ ಅಂದರು. ನನ್ನದೂ ಮಾಮಿಯದೂ ನೆಗೆಟಿವ್ ಬಂತು. ಗಂಡನದು ಪಾಸಿಟಿವ್. ರಿಪೋರ್ಟ್ ಬರುವ ಹೊತ್ತಿಗೆ ಅವರಿಗೆ ಮೈಕೈ ನೋವು ಶುರುವಾಗಿತ್ತು. ಬಟ್ಟೆ ಚೀಲ ಹಿಡಿದು ಕದ್ರಿಗೆ ಹೋದರು. ಅಲ್ಲಿ ಅಣ್ಣ ಚೇತರಿಸಿಕೊಳ್ಳುತ್ತಿದ್ದ. ಅಡುಗೆ ಬಾರದ ಇಬ್ಬರು ಗಂಡಸರು ಒಂದೇ ಮನೆಯಲ್ಲಿ ಗಂಜಿ ಬೇಯಿಸಿಕೊಂಡು ಕಳೆದ ಕಥೆ ಬೇರೆಯೇ ಇದೆ. ಉಪ್ಪಿನಕಾಯಿ ಮುಗಿದದ್ದು ಮಾತ್ರ ನಿಜ.

ಮನೆಯಲ್ಲಿ ನಾನು, ಮಾಮಿ. ನಮಗೆ ಸೋಂಕು ತಾಗಿಲ್ಲವೆಂದು ಒಂದು ರಿಪೋರ್ಟಿನಿಂದ ನಿಶ್ಚಿಂತೆಯಾಗುವಂತಿರಲಿಲ್ಲ, ಕೆಲವು ದಿನ ಕಾದು ನೋಡಿ ಎಂದಿದ್ದರು ಡಾಕ್ಟರಮ್ಮ. ಹಾಗಾಗಿ ಇಬ್ಬರೂ ಮಾಸ್ಕ್ ಹಾಕಿ, ಜಗಲಿಯ ಆ ತುದಿ ಈ ತುದಿಯಲ್ಲಿ ಕೂರುತ್ತಿದ್ದೆವು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಮ್ಮ ನಡುವೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು. ಅವರು ನನ್ನ ಅಂಕೆ ಕೇಳುವರು, ನಾನು ಅವರದು. ಅವರು ಹೇಳಿದ ಅಂಕೆಯನ್ನು ನಾನು ನಂಬದೆ ಎದ್ದು ಹೋಗಿ ಇಣುಕುತ್ತಿದ್ದೆ. ಒಂದು ಮಧ್ಯಾಹ್ನ ಹಾಗೆ ಇಣುಕಿದಾಗ ಅವರು ಬೇಸರಿಸದೆ ಬೆರಳನ್ನು ನನ್ನ ಕಡೆ ಚಾಚಿ, ಸರಿಯಾಗಿ ನೋಡು, ನಾನು ಇನ್ನು ನಿನಗೆ ಸುಳ್ಳು ಹೇಳುವುದಿಲ್ಲ ಅಂದರು. ಕಷಾಯ ಬಸಳೆಗೆ ಹೋಗುತ್ತಿದ್ದುದು ತನಗೆ ಗೊತ್ತು ಎಂದೂ ಆವತ್ತೇ ಹೇಳಿದರು. ನಾವಿಬ್ಬರೂ ನಕ್ಕೆವು. ಆಮೇಲೆ ಕಷಾಯ ಮಾಡಲಿಲ್ಲ.

ನಮಗೆ ಜ್ವರ ಬರಲಿಲ್ಲ. ಗಂಡ ಬಡಕಲಾಗಿ ವಾಪಸಾದರು. ಅಮ್ಮ ಮಳೆಗಾಲ ಗಟ್ಟಿಯಾಗಿ ಹಿಡಿದ ಮೇಲೆ ಮನೆಗೆ ಬಂದರು; ಬಚ್ಚಲಿಗೆ ನಡೆದು ಹೋಗಿ ಬಂದರೆ ಕೂತು ಸುಧಾರಿಸಿಕೊಳ್ಳಬೇಕಾಗಿತ್ತು.

ಬಸುರಿಯರೂ ಲಸಿಕೆ ಹಾಕಿಸಿಕೊಳ್ಳಬಹುದು ಎಂದು ಸರಕಾರ ಹೇಳಿದ್ದು ಆ ದಿನಗಳಲ್ಲೇ. ಅಲ್ಲಿಯವರೆಗೆ ಬಸುರಿಯರಿಗೆ ಬೇಡ ಅನ್ನುತ್ತಿದ್ದರು. ನಮ್ಮ ಟೀಚರುಗಳ ಗ್ರೂಪಿನಲ್ಲಿ, ಸೂಜಿಯಿಂದ ಹೊಟ್ಟೆಯ ಮಗುವಿಗೆ ಏನೇನೋ ಆಗುತ್ತದೆಂಬ ಮೆಸೇಜುಗಳು ತಿರುಗುತ್ತಿದ್ದವು. ಅವುಗಳ ಮೇಲೂ ಅದೇ ಫಾರ್ವರ್ಡ್ ಬಾಣ. ಆದರೂ ಮೊನ್ನೆ ಬೇಡ ಅಂದವರು ಇವತ್ತು ಬೇಕು ಅಂದರೆ ಯಾವುದನ್ನು ನಂಬುವುದು ಎಂದು ಡಾಕ್ಟರಮ್ಮನನ್ನೇ ಕೇಳಿದೆ, ಸ್ವಲ್ಪ ಗಡುಸಾಗಿಯೇ.

ಅವರು ಸಿಟ್ಟಾಗಲಿಲ್ಲ. "ಆವಾಗ ನಮಗೆ ಗೊತ್ತಿರ್ಲಿಲ್ಲ, ಅದಕ್ಕೆ ಬೇಡ ಅಂದದ್ದು. ಬೇರೆ ಕಡೆ ಬಸುರಿಯರು ತಗೊಂಡಿದ್ದಾರೆ, ಅದನ್ನು ನೋಡಿ ಈಗ ಗೊತ್ತಾಗ್ತಾ ಉಂಟು. ಜ್ವರ, ಕೈನೋವು ಬರಬಹುದು. ಒಂದೂ ತೊಂದರೆ ಇಲ್ಲ ಅಂತ ಸಹಿ ಹಾಕಿ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಆದ್ರೆ ಕೊರೋನಾ ಬಂದ್ರೆ ಆಗುವ ತೊಂದರೆ ನಾನು ದಿನಾ ವಾರ್ಡಿನಲ್ಲಿ ನೋಡ್ತಾ ಇದ್ದೇನೆ."

ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡದ್ದೇ ನನಗೆ ಹಿಡಿಸಿತು. ಎಂಟನೆಯ ತಿಂಗಳಲ್ಲಿ ಹಾಕಿಸಿಕೊಂಡೆ. ಮನೆಗೆ ಬಂದು ಮಗು ಒದೆಯುವವರೆಗೆ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೆ. ಒದೆಯಿತು. ಸಂಜೆ ಸ್ವಲ್ಪ ಮೈ ಬಿಸಿಯಾಯಿತು, ಮರುದಿನಕ್ಕೆ ಇಳಿಯಿತು.

ಹೆರಿಗೆಗೆ ಹೋದಾಗಲೂ ಮೊದಲು ಮೂಗಿಗೆ ಕಡ್ಡಿ ಹಾಕಿದ್ದು, ಆಮೇಲೆ ಹಾಸಿಗೆ. ನೋವು ತಿನ್ನುವಾಗ ಮಾಸ್ಕ್ ಬಾಯಿಗೆ ಅಂಟುತ್ತಿತ್ತು. ಉಸಿರು ಸಿಗದೆ ಅಮ್ಮನ ಆ ವಿಡಿಯೋ ನೆನಪಾಗುತ್ತಿತ್ತು. ಮಗಳು ತುಂಬಿದ ತಿಂಗಳಿಗೇ, ಜೋರಾಗಿ ಅಳುತ್ತಾ ಹುಟ್ಟಿದಳು. ಬಾಣಂತನ ಅಮ್ಮನಿಂದ ಆಗುವಂತಿರಲಿಲ್ಲ. ಮಾಮಿಯೇ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದರು.

ಅಮ್ಮ ಮೊಮ್ಮಗಳನ್ನು ಎತ್ತಿಕೊಂಡದ್ದು ನಲವತ್ತು ಕಳೆದ ಮೇಲೆ, ನಾವು ಕದ್ರಿಗೆ ಕರೆದುಕೊಂಡು ಹೋದಾಗ. ಕುರ್ಚಿಯಲ್ಲಿ ಕೂತು, ಮಾಸ್ಕ್ ಸರಿಯಿದೆಯಾ ಎಂದು ನನ್ನ ಹತ್ತಿರ ಕೇಳಿಕೊಂಡು, ಮತ್ತೆ ಕೈ ಚಾಚಿದರು. ಮಗುವಿನ ನೆತ್ತಿ ಮೂಸಿದರು. ಮಾಸ್ಕಿನೊಳಗಿಂದ ಎಂತದೂ ಪರಿಮಳ ಬರುವುದಿಲ್ಲ ಅಂದರು, ಕೊಡಲು ಮಾತ್ರ ಒಪ್ಪಲಿಲ್ಲ.

ವಾಪಸು ಬರುವಾಗ ನಂತೂರಿನಲ್ಲಿ ಲಾರಿಗಳ ಸಾಲಿನ ಹಿಂದೆ, ಆಫೀಸಿನವರಿಂದ ಕೇಳಿ ತಂದಿದ್ದ ಕಾರು ಸಿಕ್ಕಿಹಾಕಿಕೊಂಡಿತು. ಮಗು ಮಾಮಿಯ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು, ಮಾಮಿಯೂ ತೂಕಡಿಸುತ್ತಿದ್ದರು. ನಾನು ಗಂಡನನ್ನು, ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು, ಕೇಳಿದೆ.

"ಇನ್ನೊಂದು ಸಲ ಹಾಗೇ ಎಂತಾದ್ರೂ ಆದ್ರೆ ನನಗೆ ಹೇಳ್ತೀರಾ?"

ಮುಂದಿನ ಲಾರಿ ಸ್ವಲ್ಪ ಸರಿಯಿತು, ಇವರು ಕಾರು ಸ್ವಲ್ಪ ಸರಿಸಿದರು.

"ಗೊತ್ತಿಲ್ಲ ಮಾರಾಯ್ತಿ" ಅಂದರು. "ಹೇಳ್ಬೇಕು ಅಂತ ಉಂಟು. ಆ ಹೊತ್ತಿಗೆ ಎಂತ ಮಾಡ್ತೇನೆ ಅಂತ ಗೊತ್ತಿಲ್ಲ."

ಹೇಳುತ್ತೇನೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಇದನ್ನು ನಂಬಿದೆ. ಪಡೀಲಿನವರೆಗೆ ಮಗು ಏಳಲಿಲ್ಲ.